ಕರೆಂಟ್ ಹೋದರೆ ಅತಿವಾಹಕದ ಬಿಲ್ಲೆ ಕೆಟ್ಟಂತೆಯೇ?

ಬಳ್ಳಾರಿ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವೈಬಿಸಿಒ (ಇಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಕೂಡಿದ ಅತಿವಾಹಕ, ಅಂದರೆ ತೀರಾ ತಣಿಸಿದಾಗ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಬಿಲ್ಲೆ ಮಾಡುವಾಗ ಹೆಚ್ಚು ಹೆದರುವುದು ಕರೆಂಟ್ ಹೋಗುವುದಕ್ಕೆ. ಅಷ್ಟು ಹೆದರಬೇಕಿಲ್ಲ. ತೂಕಕ್ಕೆ ಹೆದರಿ.

10 ಗ್ರಾಂ ಮಿಶ್ರಣಕ್ಕೆ ಇಟ್ರಿಯಂ ಆಕ್ಸೈಡ್ 1.513, ಬೇರಿಯಂ ಕಾರ್ಬೊನೇಟ್ 5.289, ಕ್ಯೂಪ್ರಿಕ್ ಆಕ್ಸೈಡ್ 3.198 ಗ್ರಾಂ. ಬೇರಿಯಂ ಪುಡಿ ವಿಷ, ಮಾಸ್ಕ್ ಕೈಗವಸು ಬೇಕೇ ಬೇಕು. ಚೆನ್ನಾಗಿ ಅರೆದು, ಅಲ್ಯುಮಿನಾ ಮೂಸೆಯಲ್ಲಿ 920 ಡಿಗ್ರಿ ಸೆಲ್ಸಿಯಸ್‌ಗೆ 12 ತಾಸು ಕಾಯಿಸಿ. ಮತ್ತೆ ಅರೆದು ಮತ್ತೆ ಕಾಯಿಸಿ. ಪುಡಿ ಕಪ್ಪಗಿರಬೇಕು. ಹಸಿರು ಕಂಡರೆ ತೂಕ ತಪ್ಪಿದೆ, ಅರೆದದ್ದು ಸಾಲದು, ಇಲ್ಲವೇ ಕುಲುಮೆ ಸಾವಿರ ಡಿಗ್ರಿ ದಾಟಿದೆ.

ಬಿಲ್ಲೆ ಒತ್ತಿ, ಆಕ್ಸಿಜನ್ ಹರಿಸುತ್ತ 940ಕ್ಕೆ ಕಾಯಿಸಿದ ಮೇಲೆ ನಿಜವಾದ ಕೆಲಸ ಶುರು: ನಿಧಾನ ತಣಿಸುವುದು. ಬಿಸಿಯಲ್ಲಿ ಕಳೆದುಕೊಂಡ ಆಕ್ಸಿಜನ್ನನ್ನು ಹರಳು 500 ಡಿಗ್ರಿ ಆಸುಪಾಸಿನಲ್ಲಿ ಮರಳಿ ಹೀರಿಕೊಳ್ಳುತ್ತದೆ. ರಾಸಾಯನಿಕ ಸೂತ್ರದಲ್ಲಿ ಆಕ್ಸಿಜನ್‌ನ ಸಂಖ್ಯೆ (YBa₂Cu₃Oₓ ನಲ್ಲಿ x) 6.9 ದಾಟಿದರೆ ಬಿಲ್ಲೆ 92 ಕೆಲ್ವಿನ್‌ನಲ್ಲಿ (ಸುಮಾರು −181 ಡಿಗ್ರಿ ಸೆಲ್ಸಿಯಸ್) ಅತಿವಾಹಕ, 6.3ಕ್ಕೇ ನಿಂತರೆ ದ್ರವ ಸಾರಜನಕದಲ್ಲಿ ಎಷ್ಟು ಮುಳುಗಿಸಿದರೂ ಬಿಲ್ಲೆಯ ಮೇಲೆ ಕಾಂತ ತೇಲದು. ತಣಿಸುವಾಗ ಕರೆಂಟ್ ಹೋಗಿ ಸಣ್ಣ ಕುಲುಮೆ ಬೇಗ ಆರಿದರೆ ಆಗುವುದು ಇದೇ. ಬಿಲ್ಲೆ ಬಿಸಾಡಬೇಡಿ. ಆಕ್ಸಿಜನ್‌ನಲ್ಲಿ 450–500 ಡಿಗ್ರಿಗೆ ಇನ್ನೊಮ್ಮೆ 12 ತಾಸು ಇಡಿ, ಸುಧಾರಿಸುತ್ತದೆ.

ಪ್ರಯೋಗ ಮುಗಿದ ಮೇಲೆ ಬಿಲ್ಲೆಯ ಮೇಲೆ ಕೂಡುವ ನೀರೇ ಅದರ ವೈರಿ. ಹೇರ್ ಡ್ರೈಯರ್‌ನಿಂದ ಒಣಗಿಸಿ ಸಿಲಿಕಾ ಜೆಲ್ ಡಬ್ಬಿಗೆ ಹಾಕಿಡಿ.