ಕೊರೆ, ಸೊರೆ, ಅರೆ, ದೊರೆ

ಜಪಾನೀಸ್ ಕೋರ್ಸಿನ ಮೊದಲನೇ ಕ್ಲಾಸಲ್ಲಿ ಸೆನ್ಸೆ (ಅಂದ್ರೆ ಟೀಚರ್) ತಮ್ಮ ಟೇಬಲ್ ಮೇಲಿದ್ದ ಪುಸ್ತಕ ತೋರಿಸಿ "ಕೊರೆ" ಅಂದ್ರು, ಮುಂದಿನ ಬೆಂಚಿನವರ ಕೈಲಿದ್ದ ಪೆನ್ ತೋರಿಸಿ "ಸೊರೆ" ಅಂದ್ರು, ಕಿಟಕಿ ಆಚೆ ಇದ್ದ ಮರ ತೋರಿಸಿ "ಅರೆ" ಅಂದ್ರು, ಆಮೇಲೆ ಎರಡೂ ಕೈ ಅಗಲಿಸಿ ನಮ್ಮನ್ನೆಲ್ಲಾ ನೋಡಿ "ದೊರೆ?" ಅಂದ್ರು ನೋಡಿ, ನನ್ನ ಪಕ್ಕ ಕೂತಿದ್ದ ಮದ್ದೂರಿನ ಹುಡುಗ ಕಿಸಕ್ ಅಂತ ನಕ್ಕುಬಿಟ್ಟ. "ಸಾರ್, ನಮ್ಮನ್ನ ದೊರೆ ಅಂತವ್ರೆ" ಅಂತ ನನ್ನ ಕಿವೀಲಿ ಹೇಳಿದ. ದೊರೆ ಅಂದ್ರೆ ಜಪಾನೀಸಲ್ಲಿ 'ಯಾವುದು' ಅಂತ ಅಷ್ಟೇ. ಆದ್ರೆ ಆ ಇಡೀ ಸಾಲು ಕನ್ನಡದ ಕಿವಿಗೆ ಎಷ್ಟು ಸಲೀಸಾಗಿ ಬಿತ್ತು ಅಂದ್ರೆ ಇವತ್ತಿಗೂ ಮರೆತಿಲ್ಲ.

ಯೂನಿವರ್ಸಿಟಿಯ ಜಪಾನೀಸ್ ಸರ್ಟಿಫಿಕೇಟ್ ಕೋರ್ಸ್ ಸೇರಿದ್ದೀನಿ ಅಂತ ಸ್ಟೇಟಸ್ ಹಾಕಿದ ಮೇಲೆ ಸುಮಾರು ಜನ ಕೇಳ್ತಾ ಇದ್ದಾರೆ, ಕಷ್ಟಾನಾ, ನಮ್ಮಂಥವರು ಸೇರಬಹುದಾ, ಇಂಗ್ಲಿಷ್ ಚೆನ್ನಾಗಿ ಬರಬೇಕಾ ಅಂತ. ಒಬ್ಬೊಬ್ಬರಿಗೂ ಟೈಪ್ ಮಾಡಿ ಮಾಡಿ ಸಾಕಾಗಿ ಒಂದೇ ಸಲ ಇಲ್ಲಿ ಬರೀತಿದ್ದೀನಿ. ನಾನು ಪೀಣ್ಯದಲ್ಲಿ ಒಂದು ಮೆಷಿನ್ ಶಾಪಲ್ಲಿ ಕ್ವಾಲಿಟಿ ನೋಡ್ಕೊಳ್ಳೋನು, ನಮ್ಮ ಪಾರ್ಟ್ಸ್ ತಗೊಳ್ಳೋ ಕಂಪನಿಯಿಂದ ವರ್ಷಕ್ಕೆರಡು ಸಲ ಜಪಾನಿಂದ ಆಡಿಟ್‌ಗೆ ಬರ್ತಾರೆ, ಅವರು ತಮ್ಮತಮ್ಮಲ್ಲೇ ಏನೋ ಮಾತಾಡ್ಕೊಂಡು ತಲೆ ಅಲ್ಲಾಡಿಸಿದಾಗೆಲ್ಲ ನನಗೆ ಹೊಟ್ಟೇಲಿ ಹುಣಸೆಹಣ್ಣು ಕಿವುಚಿದಂಗಾಗೋದು. ಸೇರೋಕೆ ಕಾರಣ ಅದೇ, ಬೇರೆ ಏನೂ ಇಲ್ಲ.

ನಮ್ಮ ಬ್ಯಾಚಲ್ಲಿ ಎಲ್ಲಾ ಥರದವರೂ ಇದ್ದರು. ಕಾರ್ಟೂನ್ ನೋಡಿ ನೋಡಿ ಅರ್ಧ ಜಪಾನೀಸ್ ಕಲಿತಿದ್ದ ಕಾಲೇಜು ಹುಡುಗೀರು, ಸಾಫ್ಟ್‌ವೇರಿನವರು, ಜಪಾನಿಗೆ ಹೋಗೋ ಪ್ಲಾನ್ ಇದ್ದ ಇಬ್ಬರು ನರ್ಸುಗಳು, ಆಮೇಲೆ ಈ ಮದ್ದೂರಿನ ಹುಡುಗ. ಐಟಿಐ ಮಾಡಿ ಬಿಡದಿ ಕಡೆ ಕೆಲಸಕ್ಕಿದ್ದ, ಓದಿದ್ದೆಲ್ಲ ಕನ್ನಡ ಮೀಡಿಯಂ. ಸೆನ್ಸೆ ಗ್ರಾಮರ್ ಹೇಳ್ತಿದ್ದದ್ದು ಇಂಗ್ಲಿಷಲ್ಲಿ, ಎಲ್ಲಾ ಕಡೆ ಹಂಗೇ ಅಲ್ವಾ, ಉತ್ತರ ಭಾರತದವರೂ ಇರ್ತಾರೆ. ಮೊದಲ ಎರಡು ವಾರ ಇವನು ಬಾಯೇ ಬಿಡಲಿಲ್ಲ. ಮಾತಾಡಿದ್ದು ಫೈವ್ ಎಸ್, ಅಂದ್ರೆ ಕೆಲಸದ ಜಾಗ ಅಚ್ಚುಕಟ್ಟಾಗಿಡೋ ಐದು ಜಪಾನೀ ಸೂತ್ರಗಳ ವಿಷಯ ಬಂದಾಗ. ಸೇರಿ, ಸೇಟೊನ್, ಸೇಸೊ, ಸೇಕೆತ್ಸು, ಶಿತ್ಸುಕೆ ಅಂತ ಪಟಪಟ ಒಪ್ಪಿಸಿಬಿಟ್ಟ, ಅವನ ಶಾಪ್‌ಫ್ಲೋರಲ್ಲಿ ಬೋರ್ಡ್ ಹಾಕಿದ್ದಾರಂತೆ. ಪೀಣ್ಯ, ಬಿಡದಿಯಲ್ಲಿ ಕೆಲಸ ಮಾಡೋರಿಗೆ ಕೈಜೆನ್, ಕಾನ್‌ಬಾನ್, ಗೆಂಬಾ, ಪೋಕಾ ಯೋಕೆ ಅನ್ನೋ ಫ್ಯಾಕ್ಟರಿ ಪದಗಳೆಲ್ಲಾ ಗೊತ್ತು, ಅದು ಇನ್ನೊಬ್ಬರ ಭಾಷೆ ಅನ್ನೋದೇ ಮರೆತುಹೋಗಿದೆ ಅಷ್ಟೇ.

ಆಮೇಲೆ ನಡೆದದ್ದು ನಾನು ನಿಮಗೆ ಹೇಳಬೇಕಂತಿರೋ ಮುಖ್ಯ ವಿಷಯ. ಇಂಗ್ಲಿಷ್ ಚೆನ್ನಾಗಿದ್ದವರೆಲ್ಲ ವಾಕ್ಯ ಕಟ್ಟೋಕೆ ಒದ್ದಾಡ್ತಿದ್ದರು. ತಲೇಲಿ ಇಂಗ್ಲಿಷ್ ವಾಕ್ಯ ಮಾಡ್ಕೊಂಡು, ಅದನ್ನ ಉಲ್ಟಾ ತಿರುಗಿಸಿ, ಮಧ್ಯದ ಕ್ರಿಯಾಪದ ಕಿತ್ತು ಕೊನೆಗೆ ಹಾಕಿ, ಅಷ್ಟರಲ್ಲಿ ಕರ್ಮಪದ ಎಲ್ಲೋ ಬಿದ್ದುಹೋಗಿರ್ತಿತ್ತು. ಇವನು ಆರಾಮಾಗಿ ಬರೆದು ಮುಗಿಸಿ ಬೇರೆಯವರ ನೋಟ್‌ಬುಕ್ ನೋಡ್ತಾ ಕೂರ್ತಿದ್ದ. ಹೆಂಗೋ ಅಂತ ಕೇಳಿದ್ರೆ "ಕನ್ನಡದಲ್ಲಿ ಹೇಳ್ಕೊತೀನಿ ಸಾರ್, ಹಂಗಂಗೇ ಒಂದೊಂದೇ ಪದ ಬದಲಾಯಿಸ್ತೀನಿ" ಅಂದ. ನೋಡಿದ್ರೆ ಹೌದು ಕಣ್ರೀ. ನಾನು ನಾಳೆ ಬಸ್ಸಲ್ಲಿ ಮೈಸೂರಿಗೆ ಹೋಗ್ತೀನಿ. ವತಶಿ ವ, ಅಶಿತ, ಬಸು ದೆ, ಮೈಸೂರು ನಿ, ಇಕಿಮಸು. ಒಂದು ಪದ ಕೂಡ ಜಾಗ ಬದಲಾಯಿಸಿಲ್ಲ. ಬಸ್ಸನ್ನ ಅವರು ಬಸು ಅಂತಾರೆ, ನಾವು ಬಸ್ಸು ಅಂತೀವಿ, ಕೊನೇಲಿ ಉಕಾರ ಸೇರಿಸದೆ ಬಾಯಿಗೆ ಸಮಾಧಾನ ಆಗದ ಕಾಯಿಲೆ ಇಬ್ಬರಿಗೂ ಇದೆ. ಹೋಟ್ಲು ಅಲ್ಲಿ ಹೊತೆರು.

ವಿಭಕ್ತಿ ಪ್ರತ್ಯಯ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿ ಬೈಕೊಂಡಿದ್ವಲ್ಲ, ಅದು ಇಲ್ಲಿ ಬಂದು ಕೈ ಹಿಡಿಯುತ್ತೆ. 'ಅಲ್ಲಿ' ತಗೊಳ್ಳಿ. ಪೆನ್ನಲ್ಲಿ ಬರೆದೆ, ಬಸ್ಸಲ್ಲಿ ಬಂದೆ, ಮನೇಲಿ ಊಟ ಮಾಡಿದೆ, ಮೂರಕ್ಕೂ ಕನ್ನಡದಲ್ಲಿ ಒಂದೇ, ಜಪಾನೀಸಲ್ಲೂ ಮೂರಕ್ಕೂ ಒಂದೇ 'ದೆ'. ಇಂಗ್ಲಿಷಿಗೆ ಹೋದ್ರೆ ಮೂರು ಬೇರೆ ಬೇರೆ ಪದ ಬೇಕು. 'ಇಂದ' ಇನ್ನೂ ಮಜಾ. ಬೆಂಗಳೂರಿಂದ ಬಂದೆ ಅನ್ನೋ 'ಇಂದ'ಕ್ಕೆ 'ಕರಾ' ಅಂತಾರೆ, ಮಳೆ ಬಂದಿದ್ದರಿಂದ ಬರಲಿಲ್ಲ ಅನ್ನೋ 'ಇಂದ'ಕ್ಕೂ 'ಕರಾ'ನೇ. ಪಕ್ಕದ ಸಾಫ್ಟ್‌ವೇರಿನವರು ಇದು ಹೇಗೆ ಒಂದೇ ಪದ ಎರಡು ಕೆಲಸ ಮಾಡುತ್ತೆ ಅಂತ ಸೆನ್ಸೆ ಹತ್ರ ಐದು ನಿಮಿಷ ವಾದ ಮಾಡಿದ್ರು, ಅವರೂ ಕನ್ನಡದವರೇ, ಮನೇಲಿ ದಿನಾ ಅದನ್ನೇ ಹೇಳ್ತಾರೆ. 'ನಾನೂ' ಅನ್ನೋ ದೀರ್ಘಕ್ಕೆ 'ಮೊ', 'ಅಲ್ವಾ' ಅನ್ನೋದಕ್ಕೆ 'ನೆ', 'ಕಣೋ' ಅನ್ನೋದಕ್ಕೆ 'ಯೊ'. ಇಂಗ್ಲಿಷಲ್ಲಿ 'ಕಣೋ'ಗೆ ಏನಂತೀರ ಹೇಳಿ ನೋಡೋಣ.

ಇನ್ನು ತೆ-ರೂಪ ಅಂತ ಒಂದು ಬರುತ್ತೆ, ಬಿಗಿನರ್ ಕೋರ್ಸಲ್ಲಿ ಅರ್ಧ ಜನ ಬಿಟ್ಟು ಓಡೋಗೋದು ಅಲ್ಲೇ. ಕ್ರಿಯಾಪದದ ಬಾಲ ಬದಲಾಗುತ್ತೆ, ನೋಮು ಇದ್ದದ್ದು ನೋಂದೆ ಆಗುತ್ತೆ, ಕಕು ಇದ್ದದ್ದು ಕೈತೆ ಆಗುತ್ತೆ, ಕೌ ಇದ್ದದ್ದು ಕತ್ತೆ ಆಗುತ್ತೆ. (ಹೌದು, ಕತ್ತೆ. 'ಕತ್ತೆ ಕುದಸಾಯ್' ಅಂದ್ರೆ ದಯವಿಟ್ಟು ಕೊಂಡ್ಕೊಳ್ಳಿ ಅಂತ. ಅವತ್ತು ಕ್ಲಾಸ್ ಮುಂದೆ ಸಾಗಲಿಲ್ಲ.) ಈ ರೂಪ ಯಾಕೆ ಬೇಕು ಅಂತ ಇಂಗ್ಲಿಷಲ್ಲಿ ಎಷ್ಟು ವಿವರಿಸಿದ್ರೂ ತಲೆಗೆ ಹೋಗ್ತಿರಲಿಲ್ಲ. ಕನ್ನಡದಲ್ಲಿ ಇದು ಬರೀ ತಿಂದು, ಹೋಗಿ, ಮಾಡಿ, ಬಂದು. ಮನೆಗೆ ಹೋಗಿ ಸ್ನಾನ ಮಾಡಿ ಊಟ ಮಾಡಿ ಮಲಗಿದೆ ಅಂತ ಸರಪಳಿ ಹಾಕ್ತೀವಲ್ಲ, ಅದೇ. ಅಷ್ಟೇ ಆಗಿದ್ರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ತಿಂದು ನೋಡು ಅನ್ನೋದಕ್ಕೆ ಅವರು 'ತಬೆತೆ ಮಿತೆ' ಅಂತಾರೆ, ತಬೆತೆ ಅಂದ್ರೆ ತಿಂದು, ಮಿತೆ ಅಂದ್ರೆ ನೋಡು, ಕಣ್ಣಲ್ಲಿ ನೋಡೋ ನೋಡೇ! ರುಚಿ ನೋಡೋಕೆ ಕಣ್ಣಿನ ಪದ ಯಾಕೆ ಬಂತು ಅಂತ ಇಂಗ್ಲಿಷ್ ತಲೆಗೆ ವಿಚಿತ್ರ ಅನ್ಸುತ್ತೆ, ನಮಗೆ ಬೇರೆ ಥರ ಹೇಳೋಕೇ ಬರಲ್ಲ. ತಿಂದುಬಿಟ್ಟೆ ಅಂತ ಒಂಚೂರು ಪಶ್ಚಾತ್ತಾಪ ಸೇರಿಸಿ ಹೇಳ್ಬೇಕಾ, 'ತಬೆತೆ ಶಿಮತ್ತ'. ಮುಂಚೇನೇ ತಂದಿಡು ಅನ್ನೋ 'ಇಡು'ವಿಗೆ 'ಒಕು', ಅದರ ಅರ್ಥವೂ ಇಡು ಅಂತಲೇ.

ಸೆನ್ಸೆ ಒಂದಿನ 'ನಿನ್ನೆ ಕೊಂಡ ಪುಸ್ತಕ' ಅನ್ನೋ ಥರದ್ದು ಬೋರ್ಡ್ ಮೇಲೆ ಬರೆದು ಇಂಗ್ಲಿಷಲ್ಲಿ ಅದರ ಹೆಸರೇನು, ಯಾವ ಪದ ಬಿಟ್ಟುಹೋಗಿದೆ, ಯಾಕೆ ಬಿಟ್ಟುಹೋಗಿದೆ ಅಂತ ಬಾಣದ ಗುರುತು ಹಾಕಿ ಹಾಕಿ ಹೇಳಿದ್ರು. ನಮ್ಮ ಹುಡುಗ ಎದ್ದು ನಿಂತು "ಮೇಡಂ, ಏನೂ ಬಿಟ್ಟುಹೋಗಿಲ್ಲ, ಸರಿಯಾಗೇ ಐತಲ್ಲ" ಅಂದ. ಸೆನ್ಸೆ ಬೆಂಗಳೂರಿನವರೇ, ಒಂದು ನಿಮಿಷ ಬೋರ್ಡ್ ನೋಡಿದ್ರು, ನಕ್ಕು, ಬಾಣ ಎಲ್ಲಾ ಅಳಿಸಿದ್ರು. ಅವತ್ತಿಂದ ಕನ್ನಡದವರಿಗೆ ಅಂತ ಕ್ಲಾಸ್ ಕೊನೇಲಿ ಐದು ನಿಮಿಷ ಕನ್ನಡದಲ್ಲೇ ಹೇಳೋಕೆ ಶುರು ಮಾಡಿದ್ರು, ನನ್ನ ಪ್ರಕಾರ ಇಡೀ ಕೋರ್ಸಿಗೆ ಆ ಐದು ನಿಮಿಷ ಸಾಕಾಗಿತ್ತು.

ಇದೆಲ್ಲ ಕೇಳಿ ಜಪಾನೀಸ್ ದ್ರಾವಿಡ ಭಾಷೆನಾ ಅಂತ ಯಾರಾದ್ರೂ ಕೇಳೇ ಕೇಳ್ತೀರ. ಜಪಾನಿನ ಸುಸುಮು ಓನೋ ಅನ್ನೋ ವಿದ್ವಾಂಸರು ತಮಿಳಿಗೂ ಜಪಾನೀಸಿಗೂ ಸಂಬಂಧ ಇದೆ ಅಂತ ವರ್ಷಗಟ್ಟಲೆ ವಾದ ಮಾಡಿದ್ರು, ಹೆಚ್ಚಿನ ಭಾಷಾತಜ್ಞರು ಒಪ್ಪಲಿಲ್ಲ. ಕಟ್ಟಡದ ಪ್ಲಾನ್ ಒಂದೇ ಥರ ಇದೆ ಅಂದ ಮಾತ್ರಕ್ಕೆ ಮಾಲೀಕರು ನೆಂಟರು ಅಂತಲ್ಲ. ನೆಂಟಸ್ತನ ಇಲ್ಲದಿದ್ರೆ ಬೇಡ, ಪ್ಲಾನ್ ಗೊತ್ತಿದ್ರೆ ಕತ್ತಲಲ್ಲೂ ಬಚ್ಚಲು ಎಲ್ಲಿದೆ ಅಂತ ಹುಡುಕ್ಕೋಬಹುದು. ನಿಜವಾಗ್ಲೂ ನಮ್ಮ ಕಡೆಯಿಂದ ಹೋಗಿರೋದು ಅಕ್ಷರಗಳ ಕ್ರಮ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತದ ವರ್ಣಮಾಲೆಯ ಕ್ರಮ ಬೌದ್ಧ ಭಿಕ್ಷುಗಳ ಓದಿನ ಜೊತೆ ಅಲ್ಲಿಗೆ ಮುಟ್ಟಿದ್ದು. ಸ ಇರೋ ಜಾಗದಲ್ಲಿ ಚ, ಹ ಇರೋ ಜಾಗದಲ್ಲಿ ಪ ಇಟ್ಟು ನೋಡಿ, ನಮ್ಮ ಕಾಗುಣಿತದ ಚಾರ್ಟೇ. ವಾರದ ಹೆಸರೂ ಹಂಗೇ, ಮಂಗಳವಾರ ಬೆಂಕಿಯ ವಾರ, ಬುಧವಾರ ನೀರಿನ ವಾರ, ಗುರುವಾರ ಮರದ ವಾರ ಅಂತ ಇರುತ್ತೆ, ಏನಪ್ಪಾ ಇದು ಅಂದ್ಕೊಂಡ್ರೆ ಮಂಗಳ ಗ್ರಹಕ್ಕೆ ಅವರು ಬೆಂಕಿಯ ನಕ್ಷತ್ರ ಅಂತಾರೆ, ಗುರುಗ್ರಹಕ್ಕೆ ಮರದ ನಕ್ಷತ್ರ. ಗ್ರಹ ಅದೇ, ವಾರ ಅದೇ.

ಕೊರೆ ಸೊರೆ ಅರೆ ವಿಷಯದಲ್ಲಿ ಮಾತ್ರ ಒಂದು ಎಡವಟ್ಟಿದೆ. ನಮಗೆ ಇದು ಮತ್ತು ಅದು ಎರಡೇ. ಅವರಿಗೆ ನನ್ನ ಹತ್ರ ಇರೋದು, ನಿನ್ನ ಹತ್ರ ಇರೋದು, ಇಬ್ಬರಿಗೂ ದೂರ ಇರೋದು ಅಂತ ಮೂರು. ಹಳಗನ್ನಡದಲ್ಲಿ ಇವಂ, ಉವಂ, ಅವಂ ಅಂತ ನಡುವಿನದು ಒಂದು ಇತ್ತು, ನಾವು ಕಳ್ಕೊಂಡ್ವಿ. ಇಟ್ಕೊಂಡಿದ್ರೆ ನನಗೆ ಮೊದಲ ಟೆಸ್ಟಲ್ಲಿ ನಾಲ್ಕು ಮಾರ್ಕ್ಸ್ ಹೋಗ್ತಿರಲಿಲ್ಲ.

ಕನ್ನಡ ಕೈ ಬಿಡೋ ಜಾಗಗಳೂ ಇವೆ, ಸುಳ್ಳು ಹೇಳಲ್ಲ. ಮನೇಲಿ ಊಟ ಮಾಡಿದೆಗೆ 'ದೆ' ಸರಿ, ಅದೇ ಧೈರ್ಯದಲ್ಲಿ ಮನೇಲಿ ಇದ್ದೀನಿಗೂ 'ದೆ' ಹಾಕಿದ್ರೆ ತಪ್ಪು, ಅಲ್ಲಿ 'ನಿ' ಬರುತ್ತೆ. ಎಣಿಕೆ ಇನ್ನೊಂದು ತಲೆನೋವು. ಒಬ್ಬರು ಇಬ್ಬರು ಅನ್ನೋಕೆ ಹಿತೊರಿ, ಫುತರಿ ಅಂತ ಬೇರೆ ಪದ ಇರೋದು ನಮಗೆ ಆಶ್ಚರ್ಯ ಅಲ್ಲ, ಆದ್ರೆ ಪೆನ್ಸಿಲ್, ಬಾಟಲಿ ಥರ ಉದ್ದನೆಯ ವಸ್ತು ಎಣಿಸೋಕೆ ಇಪ್ಪೊನ್, ನಿಹೊನ್, ಸಂಬೊನ್ ಅಂತ ಪ ಹ ಬ ಮೂರೂ ಬದಲಾಗ್ತಾ ಹೋಗುತ್ತೆ, ತೆಳ್ಳಗಿರೋ ಕಾಗದಕ್ಕೆ ಬೇರೆ. ತಿಂಗಳಿನ 4ನೇ ತಾರೀಕು ಯೊಕ್ಕ, 8ನೇ ತಾರೀಕು ಯೋಕ, ಡೆಲಿವರಿ ಡೇಟ್ ಅದಲು ಬದಲಾದ್ರೆ ಕಥೆ ಮುಗೀತು.

ಕಾಂಜಿ, ಅಂದ್ರೆ ಚೀನಾದಿಂದ ಬಂದ ಒಂದೊಂದಕ್ಕೂ ಅರ್ಥ ಇರೋ ಅಕ್ಷರಗಳು, ಅಂತೂ ಇದ್ದೇ ಇದೆ. ಬರೀ ಉಚ್ಚಾರ ಬರೆಯೋ ಹಿರಗಾನ, ಕತಕಾನ ಅನ್ನೋ ಎರಡು ಲಿಪಿ ತಲಾ 46 ಅಕ್ಷರ, ಎರಡು ಮೂರು ವಾರದಲ್ಲಿ ಬಂದುಬಿಡುತ್ತೆ, 50ಕ್ಕೆ ಹತ್ತಿರದ ವರ್ಣಮಾಲೆ ಜೊತೆ ಕಾಗುಣಿತ ಒತ್ತಕ್ಷರ ಎಲ್ಲಾ ಕಲಿತವರು ನಾವು, ಹೆದರಬಾರದು. ಕಾಂಜಿ ಮಾತ್ರ ಅಲ್ಲಿನ ಸರ್ಕಾರ ದಿನಬಳಕೆಗೆ ಅಂತ ಪಟ್ಟಿ ಮಾಡಿರೋದೇ 2136, ಅಲ್ಲಿನ ಮಕ್ಕಳು ಒಂದನೇ ಕ್ಲಾಸಲ್ಲಿ ಕಲಿಯೋದು 80. ಮರದ ಚಿತ್ರ ಒಂದು ಬರೆದ್ರೆ ಮರ, ಎರಡು ಪಕ್ಕಪಕ್ಕ ಬರೆದ್ರೆ ತೋಪು, ಮೂರು ಬರೆದ್ರೆ ಕಾಡು ಅಂತ ಮೊದಲು ಮುದ್ದಾಗೇ ಶುರುವಾಗುತ್ತೆ. ಆಮೇಲೆ ಸೂರ್ಯನ ಅಕ್ಷರ ಬರುತ್ತೆ, ಭಾನುವಾರ ಅಂತ ಬರೆಯೋಕೆ ಅದನ್ನ ಎರಡು ಸಲ ಹಾಕ್ಬೇಕು, ಮೊದಲನೇದು 'ನಿಚಿ', ಕೊನೇದು 'ಬಿ', ಒಂದೇ ಪದ, ಒಂದೇ ಅಕ್ಷರ, ಎರಡು ಉಚ್ಚಾರ. ಇದಕ್ಕೆ ಕನ್ನಡದಲ್ಲಿ ಔಷಧಿ ಇಲ್ಲ, ಬರೆದು ಬರೆದು ಕೈ ಪಳಗಬೇಕಷ್ಟೇ.

ಸೇರೋ ವಿಷಯ ಬೇಗ ಹೇಳಿಬಿಡ್ತೀನಿ. ಬೆಂಗಳೂರು ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ಜಪಾನೀಸಿಗೆ ಸರ್ಟಿಫಿಕೇಟ್, ಡಿಪ್ಲೊಮಾ, ಹೈಯರ್ ಡಿಪ್ಲೊಮಾ ಅಂತ ಮೆಟ್ಟಿಲು ಇದ್ದದ್ದು ಹಳಬರಿಗೆ ಗೊತ್ತು. 2017ರಲ್ಲಿ ಯೂನಿವರ್ಸಿಟಿ ಮೂರು ಭಾಗ ಆದ ಮೇಲೆ ಸೆಂಟ್ರಲ್ ಕಾಲೇಜ್ ಕ್ಯಾಂಪಸ್ ಬೇರೆ ಯೂನಿವರ್ಸಿಟಿಗೆ ಹೋಯ್ತು, ಹಾಗಾಗಿ ಹಳೇ ವಿಳಾಸ ನಂಬ್ಕೊಂಡು ಹೊರಡಬೇಡಿ, ಆ ವರ್ಷದ ನೋಟಿಫಿಕೇಷನ್ ನೋಡ್ಕೊಂಡೇ ಹೋಗಿ. ಡಿಗ್ರಿನೇ ಜಪಾನೀಸಲ್ಲಿ ಮಾಡ್ಬೇಕು ಅನ್ನೋರು ದೆಹಲಿಯ ಜೆಎನ್‌ಯು ಕಡೆ ನೋಡಬೇಕು. ಸರ್ಟಿಫಿಕೇಟ್ ಜೊತೆಗೆ ಜೆಎಲ್‌ಪಿಟಿ ಅನ್ನೋ, ಜಪಾನೀಸ್ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆ ಬರೆದ್ರೆ ಕಂಪನಿಗಳವರು ಬೇಗ ಅರ್ಥ ಮಾಡ್ಕೊತಾರೆ, ಎನ್5 ಸುಲಭದ್ದು, ಎನ್1 ಬೆಟ್ಟದ ತುದಿ, ವರ್ಷಕ್ಕೆ ಜುಲೈ ಮತ್ತು ಡಿಸೆಂಬರಲ್ಲಿ ಇರುತ್ತೆ, ಎನ್5ಕ್ಕೆ 180ಕ್ಕೆ 80 ಬಂದ್ರೆ ಪಾಸು, ಆದ್ರೆ ಪದ, ವ್ಯಾಕರಣ, ಓದಿನ ಭಾಗದಲ್ಲಿ 38, ಕೇಳಿಸ್ಕೊಳ್ಳೋ ಭಾಗದಲ್ಲಿ 19 ಬೇರೆ ಬೇರೆಯಾಗಿ ಬರಲೇಬೇಕು. ಮಾತಾಡೋ ಪರೀಕ್ಷೆ ಇಲ್ಲವೇ ಇಲ್ಲ, ಅದು ನನ್ನ ಪ್ರಕಾರ ದೊಡ್ಡ ಕೊರತೆ, ಪಾಸಾದವರು ಬಾಯಿ ಬಿಡಲ್ಲ. ನಮ್ಮ ಬ್ಯಾಚಿನ ನರ್ಸುಗಳು ನೋಡ್ತಿದ್ದದ್ದು 2021ರ ಜನವರಿಯಲ್ಲಿ ಭಾರತ, ಜಪಾನ್ ಸಹಿ ಹಾಕಿದ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ (ಕೆಲವು ಕೆಲಸ ಗೊತ್ತಿರೋರನ್ನ ಜಪಾನಿಗೆ ಕರೆಸ್ಕೊಳ್ಳೋ) ಒಪ್ಪಂದದ ದಾರಿ, ಅದಕ್ಕೆ ಎನ್4 ಮಟ್ಟ ಬೇಕು, ಅಂದ್ರೆ ಬರೀ ಬಿಗಿನರ್ ಕೋರ್ಸ್ ಮುಗಿಸಿ ಫ್ಲೈಟ್ ಹತ್ತೋಕಾಗಲ್ಲ, ಯಾರಾದ್ರೂ ಹಂಗಂತ ಹೇಳಿ ದುಡ್ಡು ಕೇಳಿದ್ರೆ ಕೊಡಬೇಡಿ.

ನನ್ನ ಕಥೆ ಏನಾಯ್ತು ಅಂದ್ರೆ, ಹೋದ ಸಲ ಆಡಿಟ್‌ಗೆ ಬಂದಿದ್ದ ಹಿರಿಯರ ಎದುರು ಧೈರ್ಯ ಮಾಡಿ ಜಪಾನೀಸಲ್ಲೇ ಪರಿಚಯ ಮಾಡ್ಕೊಂಡೆ. ಹೆಸರು, ಕೆಲಸ ಎಲ್ಲಾ ಸರಿಹೋಯ್ತು. ಕೊನೇಲಿ ಮನೇಲಿ ಕನ್ನಡ ಮಾತಾಡ್ತೀವಿ ಅಂದೆ. ಅವರ ಮುಖ ಅರಳಿತು, ಓಹೋ, ಎಷ್ಟು ವರ್ಷ ಇದ್ರಿ, ಅಲ್ಲಿ ತುಂಬಾ ಚಳಿ ಅಲ್ವಾ ಅಂತ ಕೇಳಿದ್ರು. ಪೀಣ್ಯದಲ್ಲಿ ಎಲ್ಲಿ ಚಳಿ? ಜಪಾನೀಸಲ್ಲಿ ಕೆನಡಾಗೆ 'ಕನದ' ಅಂತಾರೆ. ಒತ್ತು ಬಿಟ್ರೆ ಕತ್ತೆ ಕತೆಯಾಗೋದು ಗೊತ್ತಿರೋ ನಾನೇ ಗಾಬರೀಲಿ ನಮ್ಮ ಭಾಷೆಯ ಒತ್ತನ್ನೇ ನುಂಗಿದ್ದೆ. ಎರಡನೇ ಸಲ ಕ, ನ್, ನ, ದ ಅಂತ ನಾಲ್ಕು ತಾಳ ಹಾಕಿ ಹೇಳಿದೆ. ಅವರು ಡೈರಿ ತೆಗೆದು ಕತಕಾನದಲ್ಲಿ ಬರ್ಕೊಂಡ್ರು. ಸಂಜೆ ಮದ್ದೂರಿನ ಹುಡುಗನಿಗೆ ಫೋನ್ ಮಾಡಿ ಹೇಳಿದ್ರೆ, "ಹೋಗ್ಲಿ ಬುಡಿ ಸಾರ್, ಮದ್ದೂರು ಅಂದಿದ್ರೆ ಏನ್ ಕೇಳುಸ್ಕೊತಿದ್ರೋ" ಅಂದ.