ತಮ್ಮನ ಅಂಗವೈಕಲ್ಯ ತಪಾಸಣೆಗೆ ನಾವು ಸಿದ್ಧರಾದ ಬಗೆ

ಅಪ್ಪನ ನಂತರ ಅಮ್ಮನಿಗೆ ಬರುತ್ತಿರುವ ಕುಟುಂಬ ಪಿಂಚಣಿ ಅಮ್ಮನ ಕಾಲಾನಂತರ ತಮ್ಮನ ಹೆಸರಿಗೆ ಮುಂದುವರಿಯಬೇಕಾದರೆ, ಸ್ವಂತ ದುಡಿಮೆಯಿಂದ ಬದುಕು ಸಾಗಿಸಲಾಗದಂತಹ ಅಂಗವೈಕಲ್ಯ ಅವನಿಗಿದೆ ಎಂಬುದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ ಎಂದು ಅಪ್ಪನ ಜೊತೆ ಕೆಲಸ ಮಾಡಿದ್ದವರೊಬ್ಬರು ತಿಳಿಸಿದರು. ತಮ್ಮನಿಗೆ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಕಾಲೇಜಿನ ಕೊನೆಯ ವರ್ಷದಲ್ಲಿ ಕಾಣಿಸಿಕೊಂಡ ಕಾಯಿಲೆಗೆ ಈಗ ಹತ್ತು ವರ್ಷ ದಾಟಿದೆ. ಅಷ್ಟೂ ವರ್ಷ ಮಾತ್ರೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ನಾವು ತಪ್ಪಿಸಿದವರಲ್ಲ. ಆದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಎನ್ನುವುದು ಊರುಗೋಲು, ಗಾಲಿಕುರ್ಚಿ, ಶ್ರವಣಯಂತ್ರ ಇರುವವರಿಗೆ ಮೀಸಲು ಎಂಬ ಭಾವನೆ ಮನೆಯಲ್ಲಿ ಎಲ್ಲರಿಗೂ ಇತ್ತು.

ಕಾಯ್ದೆ ಹಾಗೆ ಹೇಳುವುದಿಲ್ಲ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದಾಗಲೂ ಮಾನಸಿಕ ಅಸ್ವಸ್ಥತೆ ಅವುಗಳಲ್ಲಿ ಒಂದಾಗಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರ ಪ್ರಮಾಣ ಬೇಕು. ಅವಲಂಬಿತ ಒಡಹುಟ್ಟಿದವರನ್ನು ನೋಡಿಕೊಳ್ಳುವ ನನ್ನಂಥವರಿಗೆ ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಸಿಗುವ 75,000 ರೂಪಾಯಿಯ ಕಡಿತಕ್ಕೂ ಇದೇ ಗೆರೆ. ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಾದರೆ ಆ ಮೊತ್ತ 1,25,000 ಆಗುತ್ತದೆ. ಅರ್ಜಿ ತುಂಬುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಬೌದ್ಧಿಕ ಅಂಗವೈಕಲ್ಯ ಮತ್ತು ಮಾನಸಿಕ ಅಸ್ವಸ್ಥತೆ ಕಾಯ್ದೆಯ ದೃಷ್ಟಿಯಲ್ಲಿ ಬೇರೆ ಬೇರೆ. ನಾವು ಹೋದ ಸೈಬರ್ ಸೆಂಟರಿನ ಹುಡುಗ ಎರಡೂ ಒಂದೇ ಎಂದುಕೊಂಡು ಮೊದಲನೆಯದನ್ನೇ ಆರಿಸಲು ಹೊರಟಿದ್ದ. ಹಾಗೆ ಹೋಗಿದ್ದರೆ ಮನೋವೈದ್ಯರ ಬದಲು ಬುದ್ಧಿಮಟ್ಟದ ಪರೀಕ್ಷೆಗೆ ಕೂರಬೇಕಾಗುತ್ತಿತ್ತೋ ಏನೋ.

ಅರ್ಜಿ ಹಾಕಿದ ಮೇಲೆ ತಪಾಸಣೆಯ ದಿನ ಬರುವವರೆಗೆ ಸಾಕಷ್ಟು ಸಮಯವಿತ್ತು. ಕಿವಿಯ ತೊಂದರೆಯಾದರೆ ಯಂತ್ರವೊಂದು ಇಷ್ಟು ಡೆಸಿಬೆಲ್ ಎಂದು ಅಳೆದು ಕೊಡುತ್ತದೆ, ಕಣ್ಣಾದರೆ ಗೋಡೆಯ ಮೇಲಿನ ಅಕ್ಷರಗಳಿವೆ. ಮನಸ್ಸಿನ ಕಾಯಿಲೆಯ ಪ್ರಮಾಣವನ್ನು ಶೇಕಡಾವಾರು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದೇ ನನಗೆ ಮೊದಲು ತಿಳಿಯಬೇಕಿತ್ತು. ತಮ್ಮನಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿದೆ. ಅದಕ್ಕೆ ಐಡಿಯಾಸ್ ಎಂಬ ಮಾಪನವಿದೆ, ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ್ದು ಎಂದು ಅವರು ವಿವರಿಸಿದರು. ಅದರಲ್ಲಿ ನೋಡುವುದು ನಾಲ್ಕು ಸಂಗತಿಗಳನ್ನು: ತನ್ನ ದೇಹದ ಆರೈಕೆ, ಇತರರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಮತ್ತೆ ಅಂಕ, ಒಟ್ಟು ಇಪ್ಪತ್ತು. ಮೊತ್ತ ಏಳರೊಳಗಿದ್ದರೆ ಶೇಕಡಾ 40ಕ್ಕಿಂತ ಕಡಿಮೆ, ಎಂಟರಿಂದ ಹದಿಮೂರಾದರೆ 40ರಿಂದ 70ರವರೆಗೆ, ಹದಿನಾಲ್ಕು ಮತ್ತು ಅದಕ್ಕಿಂತ ಮೇಲೆ ತೀವ್ರ. ಅವನಿಗೆ ಕೇಳಿಸುವ ಧ್ವನಿಗಳ ಬಗ್ಗೆಯಾಗಲಿ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂಬ ಭಯದ ಬಗ್ಗೆಯಾಗಲಿ ಈ ಲೆಕ್ಕದಲ್ಲಿ ನೇರವಾಗಿ ಅಂಕವಿಲ್ಲ. ದಿನನಿತ್ಯದ ಬದುಕಿನಲ್ಲಿ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದೇ ಇಲ್ಲಿ ತೂಕಕ್ಕೆ ಬರುತ್ತದೆ.

ಇದನ್ನು ಕೇಳಿದ ಮೇಲೆ ನನಗೆ ನಿಜವಾದ ತೊಡಕು ಗೊತ್ತಾಯಿತು. ತಮ್ಮನನ್ನು ನೋಡಿದವರು ಯಾರೂ ಅವನಿಗೆ ತೊಂದರೆಯಿದೆ ಎನ್ನುವುದಿಲ್ಲ. ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೇಳಿದ್ದಕ್ಕೆ ಮೆಲುದನಿಯ ಚುಟುಕು ಉತ್ತರ. ಈ ರೂಪವನ್ನು ಪ್ರತಿದಿನ ಬೆಳಿಗ್ಗೆಯಿಂದ ಕಟ್ಟಿ ನಿಲ್ಲಿಸುವವಳು ಅಮ್ಮ. ರಾತ್ರಿಯ ಮಾತ್ರೆಯ ಮಂಪರಿನಿಂದ ಅವನು ಏಳುವುದು ಹತ್ತು ಗಂಟೆಯ ಮೇಲೆ, ಅದೂ ಅಮ್ಮ ಎಂಟರಿಂದ ಮತ್ತೆ ಮತ್ತೆ ಕೋಣೆಗೆ ಹೋಗಿ ಬಂದ ಮೇಲೆ. ಅವನ ಮಾತ್ರೆಯ ಹೆಸರು ಕ್ಲೋಜಪಿನ್. ಅದನ್ನು ತೆಗೆದುಕೊಳ್ಳುವವರಿಗೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದುಂಟು, ಹಾಗಾಗಿ ದಿಂಬಿನ ಚೀಲ ದಿನವೂ ಬದಲಾಗಬೇಕು. ಬ್ರಷ್ಷಿಗೆ ಪೇಸ್ಟ್ ಹಾಕಿ ಬಚ್ಚಲಿನ ಕಟ್ಟೆಯ ಮೇಲಿಡುತ್ತಾಳೆ, ಬಕೆಟ್ಟಿಗೆ ಬಿಸಿನೀರು ಹಾಕಿ ಕರೆಯುತ್ತಾಳೆ, ಸ್ವಲ್ಪ ಹೊತ್ತಿನ ನಂತರ ಒಳಗಿನಿಂದ ನೀರಿನ ಸದ್ದು ಬರುತ್ತಿದೆಯೇ ಎಂದು ಬಾಗಿಲ ಬಳಿ ನಿಂತು ಆಲಿಸುತ್ತಾಳೆ. ಸದ್ದು ಬರದಿದ್ದರೆ, "ನೀರು ತಣ್ಣಗಾಗತ್ತೆ ಕಣೋ" ಎನ್ನುತ್ತಾಳೆ. ಆಮೇಲೆ ಸದ್ದು ಬರುತ್ತದೆ. ಆದರೆ ಆಸ್ಪತ್ರೆಯಲ್ಲಿ ಯಾರಾದರೂ "ಸ್ನಾನ ಮಾಡ್ತಾರಾ?" ಎಂದರೆ ಅಮ್ಮನ ಉತ್ತರ ಯಾವಾಗಲೂ ಒಂದೇ, "ದಿನಾ ಮಾಡ್ತಾನೆ ಸಾರ್." ಆ ಉತ್ತರ ಸುಳ್ಳಲ್ಲ. ಆದರೆ ಯಾರೂ ಹೇಳದಿದ್ದರೆ ಅವನು ಎಷ್ಟು ದಿನ ಸ್ನಾನವಿಲ್ಲದೆ ಇರಬಲ್ಲ ಎಂಬುದು ಅದರಿಂದ ತಿಳಿಯುವುದಿಲ್ಲ, ಅಂಕ ನಿರ್ಧಾರವಾಗುವುದು ಅದರಿಂದಲೇ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು, ಯಾವ ಕೆಲಸವನ್ನು ಅವನು ತಾನಾಗಿ ಮಾಡುತ್ತಾನೆ, ಯಾವುದನ್ನು ಹೇಳಿಸಿಕೊಂಡು ಮಾಡುತ್ತಾನೆ, ಯಾವುದನ್ನು ನಾವೇ ಮಾಡಿಬಿಡುತ್ತೇವೆ ಎಂದು ಬರೆಯತೊಡಗಿದೆ. "ಒಡನಾಟ ಕಡಿಮೆ" ಎಂಬ ಬಗೆಯ ವಾಕ್ಯಗಳಿಂದ ಪ್ರಯೋಜನವಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ನಡೆದದ್ದನ್ನೇ ಬರೆದೆ. ಮನೆಗೆ ನೆಂಟರು ಬಂದರೆ ಅವರು ಹೋಗುವವರೆಗೂ ಕೋಣೆಯಿಂದ ಹೊರಬರುವುದಿಲ್ಲ. ಅಂಗಡಿಗೆ ಎರಡು ಸಾಮಾನಿಗೆ ಕಳಿಸಿದರೆ ಒಂದನ್ನು ತರುತ್ತಾನೆ, ಅಂಗಡಿಯಲ್ಲಿ ಜನವಿದ್ದರೆ ಬರಿಗೈಯಲ್ಲಿ ಮರಳುತ್ತಾನೆ. ಚಿಕ್ಕಪ್ಪನ ಪರಿಚಯದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಕೆಲವು ವಾರಗಳಲ್ಲೇ ಬಿಟ್ಟ, ಬಿಟ್ಟದ್ದೇಕೆ ಎಂಬುದನ್ನು ಇವತ್ತಿಗೂ ಹೇಳಿಲ್ಲ.

ಬರೆಯುತ್ತ ಹೋದಂತೆ ಕಸಿವಿಸಿ ಹೆಚ್ಚಾಯಿತು. ಒಂದೇ ಮನೆಯಲ್ಲಿರುವ ಮೂವತ್ತು ದಾಟಿದ ಗಂಡಸಿನ ಬಗ್ಗೆ ಅವನಿಗೆ ತಿಳಿಯದಂತೆ ಹೀಗೊಂದು ಪಟ್ಟಿ ತಯಾರಿಸುವುದು ಸರಿಯೆನಿಸಲಿಲ್ಲ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ, ತನ್ನ ಬಗ್ಗೆ ಬರೆದಿಡುತ್ತಿದ್ದಾರೆ ಎಂಬ ಭಯವೇ ಕಾಯಿಲೆಯ ಭಾಗವಾಗಿರುವವನಿಗೆ ಈ ನೋಟ್‌ಬುಕ್ ಕೈಗೆ ಸಿಕ್ಕರೆ ಏನಾಗಬಹುದು ಎಂಬ ಅಳುಕೂ ಇತ್ತು. ತಪಾಸಣೆ ಮಾಡುವ ವೈದ್ಯಕೀಯ ಮಂಡಳಿಯ ಮುಂದೆ ಇವನ್ನೆಲ್ಲ ಅವನ ಎದುರಿಗೇ ಹೇಳಬೇಕಾಗಬಹುದು. ಅಲ್ಲಿ ಮೊದಲ ಬಾರಿ ಕೇಳುವುದಕ್ಕಿಂತ ಮನೆಯಲ್ಲಿ ಕೇಳುವುದು ಮೇಲು ಎಂದುಕೊಂಡು, ಒಂದು ಸಂಜೆ ಅವನನ್ನು ಕೂರಿಸಿಕೊಂಡು ಪಿಂಚಣಿಯ ವಿಷಯವನ್ನು ಬಿಡಿಸಿ ಹೇಳಿ, ಬರೆದದ್ದನ್ನು ಓದಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ. ಅಂಗಡಿಯ ಸಾಲು ಬಂದಾಗ, "ಮರೆಯಲ್ಲ ಅಕ್ಕಾ. ಎರಡನೇದು ಕೇಳೋಕೆ ಬಾಯಿ ಬರಲ್ಲ" ಎಂದ. ನಾನು ಅದನ್ನು ಹಾಗೆಯೇ ತಿದ್ದಿ ಬರೆದೆ. ಮರೆವು ಎಂದು ನಾನು ಭಾವಿಸಿದ್ದದ್ದು ಬೇರೆಯೇ ಆಗಿತ್ತು. ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋನ್ ಬಂದ್ರೆ ಎತ್ತಲ್ಲ, ಅದನ್ನೂ ಹಾಕು" ಎಂದ. ನೆಂಟರ ವಿಷಯವನ್ನು ಮಾತ್ರ ತೆಗೆಯಬೇಕೆಂದು ಕೇಳಿದ. ಏಕೆಂದು ನಾನು ವಿಚಾರಿಸಲಿಲ್ಲ, ಆ ಸಾಲನ್ನು ಹೊಡೆದು ಹಾಕಿದೆ. ಅದರಿಂದ ಒಂದು ಅಂಕ ಕಡಿಮೆಯಾಗಬಹುದಾಗಿದ್ದರೂ ಅವನ ಪಟ್ಟಿಯ ಮೇಲೆ ಅವನಿಗೆ ಅಷ್ಟಾದರೂ ಅಧಿಕಾರ ಇರಬೇಕು ಎಂಬುದು ಈಗಲೂ ನನ್ನ ನಿಲುವು.

ವಿಷಯ ಕಿವಿಗೆ ಬಿದ್ದ ನೆಂಟರಲ್ಲಿ ಒಬ್ಬರು ಸಲಹೆ ಕೊಟ್ಟರು: ತಪಾಸಣೆಗೆ ಎರಡು ಮೂರು ದಿನ ಮೊದಲು ಮಾತ್ರೆ ನಿಲ್ಲಿಸಿಬಿಡಿ, ಆಗ ಡಾಕ್ಟರಿಗೆ ತಾನಾಗಿಯೇ ಗೊತ್ತಾಗುತ್ತದೆ. ಇಂಥ ಸಲಹೆ ಕೊಡುವವರು ಎಲ್ಲ ಕಡೆಯೂ ಇರುತ್ತಾರೆ ಎಂದು ಇತರ ಮನೆಯವರಿಂದ ಆಮೇಲೆ ಕೇಳಿದ್ದೇನೆ. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳುವಂತಿಲ್ಲ, ಮತ್ತೆ 12.5 ಮಿಲಿಗ್ರಾಂನಿಂದ ಮೊದಲುಗೊಂಡು ನಿಧಾನವಾಗಿ ಏರಿಸಬೇಕು. ಇಲ್ಲವಾದರೆ ರಕ್ತದೊತ್ತಡ ಕುಸಿಯುವ, ಫಿಟ್ಸ್ ಬರುವ ಅಪಾಯವಿದೆ. ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ ಸ್ಥಿಮಿತವನ್ನು ಒಂದು ಕಾಗದಕ್ಕಾಗಿ ಕದಡುವ ಮಾತೇ ಇರಲಿಲ್ಲ. ಮಾತ್ರೆ ತೆಗೆದುಕೊಂಡೂ ಉಳಿಯುವ ಕೊರತೆಯೇ ತೋರಿಸಬೇಕಾದ ಕೊರತೆ.

ಕಾಗದಪತ್ರಗಳ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಕ್ಲೋಜಪಿನ್ ಕೊಡುವವರು ಬಿಳಿ ರಕ್ತಕಣಗಳ ಎಣಿಕೆಯನ್ನು ನಿಯಮಿತವಾಗಿ ಮಾಡಿಸುತ್ತಾರೆ; ಅಮ್ಮ ಆ ಲ್ಯಾಬ್ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇಟ್ಟಿದ್ದಳು. ಎಸೆಯಬೇಕೆಂದು ನಾನೇ ಹೇಳುತ್ತಿದ್ದ ಆ ಚೀಟಿಗಳು, ತಿಂಗಳು ತಪ್ಪದೆ ಚಿಕಿತ್ಸೆ ನಡೆದಿದೆ ಎಂಬುದಕ್ಕೆ ಎಲ್ಲಕ್ಕಿಂತ ಗಟ್ಟಿ ದಾಖಲೆಯಾದವು. ಮೊದಲು ದಾಖಲಾಗಿದ್ದ ಆಸ್ಪತ್ರೆಯ ಡಿಸ್‌ಚಾರ್ಜ್ ಸಾರಾಂಶವನ್ನು ಮೇಲಿಟ್ಟು, ಉಳಿದವನ್ನು ವರ್ಷವಾರು ಜೋಡಿಸಿ, ಪ್ರತಿಯೊಂದಕ್ಕೂ ಜೆರಾಕ್ಸ್ ತೆಗೆಸಿದೆ. ಕಾಯಿಲೆಯ ಅವಧಿಗೂ ಅಂಕವಿರುವುದರಿಂದ ತೀರಾ ಹಳೆಯ ಚೀಟಿಯನ್ನು ಹುಡುಕಿ ತೆಗೆಯುವುದು ಮುಖ್ಯ. ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯೂ ಎನ್ನುವವರು, ಇದಕ್ಕೆಲ್ಲ ನೆರವಾಗುತ್ತಾರೆ; ಹಳ್ಳಿಯ ಕಡೆಯವರು ಮೊದಲು ಅವರನ್ನೇ ಕಾಣುವುದು ಒಳ್ಳೆಯದು.

ಅಮ್ಮನನ್ನು ಸಿದ್ಧಪಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ನನ್ನ ಮಗ ಯಾವುದಕ್ಕೂ ಬರಲ್ಲ ಅಂತ ನನ್ನ ಬಾಯಲ್ಲೇ ಹೇಳಿಸ್ತೀಯಾ?" ಎಂದು ಅವಳು ಸಿಟ್ಟಾದಳು. ಪಟ್ಟಿಯಲ್ಲಿದ್ದದ್ದೆಲ್ಲ ಅವಳ ದಿನಚರಿಯೇ ಆಗಿದ್ದರೂ ಅದನ್ನು ಮಗನ ಕೊರತೆಯ ಲೆಕ್ಕವಾಗಿ ಓದಲು ಅವಳು ಒಪ್ಪಲಿಲ್ಲ. ಮಗನ ಬಗ್ಗೆ ಏನೂ ಹೇಳಬೇಡ, ನೀನು ಬೆಳಿಗ್ಗೆ ಎದ್ದು ಏನೇನು ಮಾಡುತ್ತೀಯೋ ಅಷ್ಟನ್ನು ಮಾತ್ರ ಹೇಳು ಎಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ತಪಾಸಣೆಯ ಬೆಳಿಗ್ಗೆ ಮತ್ತೊಂದು ಚರ್ಚೆ ಎದ್ದಿತು. ಗಡ್ಡ ತೆಗೆಸಬೇಕೇ, ಇಸ್ತ್ರಿ ಅಂಗಿ ಹಾಕಿಸಬೇಕೇ, ಇದ್ದ ಹಾಗೆ ಕರೆದೊಯ್ಯಬೇಕೇ? ಹೊರಗೆ ಹೋಗುವಾಗ ಅವನು ಯಾವತ್ತೂ ಹೋಗುವ ಹಾಗೆಯೇ ಹೋಗಲಿ ಎಂದು ಅಮ್ಮ ತೀರ್ಮಾನಿಸಿದಳು. ಅವಳು ಹೇಳಿದ್ದೇ ಸರಿ.

ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತಿದ್ದವರು ಅರ್ಜಿಯನ್ನೂ ಅವನ ಮುಖವನ್ನೂ ನೋಡಿ, "ಚೆನ್ನಾಗೇ ಇದ್ದಾರಲ್ಲ, ಇವರಿಗ್ಯಾಕೆ?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದರು. ತಮ್ಮ ನನ್ನ ಹಿಂದೆ ಸರಿದು ನಿಂತ. ಕಾಣುವ ಅಂಗವೈಕಲ್ಯ ಇರುವವರ ಸಾಲಿನಲ್ಲಿ ಕಾಣದ ಕಾಯಿಲೆಯವರು ಕೇಳಬೇಕಾಗಿ ಬರುವ ಮಾತಿದು. ಇದಕ್ಕೂ ಅವನನ್ನು ಮೊದಲೇ ಸಿದ್ಧಪಡಿಸಿದ್ದರೆ ಚೆನ್ನಿತ್ತು ಎನಿಸಿತಾದರೂ ಯಾವ ಮಾತಿನಿಂದ ಸಿದ್ಧಪಡಿಸುವುದು ಎಂದು ನನಗೆ ಹೊಳೆಯುವುದಿಲ್ಲ.

ಮನೋವೈದ್ಯೆ ಮೊದಲು ಅವನೊಬ್ಬನನ್ನೇ ಒಳಗೆ ಕರೆದು ಮಾತನಾಡಿಸಿದರು, ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ, ಮನೆಕೆಲಸ ಮಾಡುತ್ತೀರಾ ಎಂದರೆ ಹೂಂ, ಹೀಗೆಯೇ ಅವನ ಉತ್ತರಗಳು ಸಾಗಿದ್ದವಂತೆ. ಸ್ನಾನದ ಪ್ರಶ್ನೆ ಬಂದಾಗ ಅಮ್ಮ, ಒಪ್ಪಿಕೊಂಡಿದ್ದಂತೆ, ಬಿಸಿನೀರಿನಿಂದ ಹಿಡಿದು ಬಾಗಿಲ ಬಳಿ ನಿಲ್ಲುವವರೆಗೆ ತನ್ನ ಕೆಲಸವನ್ನಷ್ಟೇ ಹೇಳಿದಳು. "ನೀವು ಎರಡು ದಿನ ಊರಲ್ಲಿ ಇಲ್ಲದಿದ್ದರೆ?" ಎಂದು ವೈದ್ಯೆ ಕೇಳಿದರು. ಅಮ್ಮ, "ನಾನು ಎಲ್ಲಿಗೂ ಹೋಗಲ್ಲ ಮೇಡಂ" ಎಂದಳು. ವೈದ್ಯೆ ಏನನ್ನೋ ಬರೆದುಕೊಂಡರು. ನಾನು ಪಟ್ಟಿಯನ್ನು ಕೊಟ್ಟಾಗ ಓದಿ, ಅಂಗಡಿಯ ಸಾಲಿನ ಬಗ್ಗೆ ತಮ್ಮನನ್ನೇ ವಿಚಾರಿಸಿದರು. ಬಾಯಿ ಬರುವುದಿಲ್ಲ ಎಂಬುದನ್ನು ಅವನು ತಾನೇ ಹೇಳಿದ, ಅಂಗಡಿಯವನು ಎಲ್ಲರೆದುರು "ಇನ್ನೇನು?" ಎಂದು ಜೋರಾಗಿ ಕೇಳಿದಾಗ ಬೆವರುತ್ತದೆ ಎಂಬುದನ್ನೂ ಸೇರಿಸಿದ. ಅಷ್ಟು ಉದ್ದದ ಮಾತನ್ನು ಹೊರಗಿನವರ ಮುಂದೆ ಅವನು ಆಡಿದ್ದು ನನಗೆ ನೆನಪಿಲ್ಲ.

ಶೇಕಡಾ 40 ದಾಟಿದ ಪ್ರಮಾಣಪತ್ರ ಬಂದಿದೆ. ಸ್ಥಿತಿ ಬದಲಾಗುವ ಸಾಧ್ಯತೆಯಿದ್ದರೆ ನಿರ್ದಿಷ್ಟ ಅವಧಿಗೆ ಮಾತ್ರ ಕೊಡಬೇಕೆಂದು ನಿಯಮದಲ್ಲಿದೆ. ಅವನದ್ದೂ ತಾತ್ಕಾಲಿಕವೇ, ಅವಧಿ ಮುಗಿಯುವ ಮುನ್ನ ಮತ್ತೊಮ್ಮೆ ಹೋಗಬೇಕು. ಪ್ರಮಾಣ ಕಡಿಮೆಯಾಯಿತು ಎನಿಸಿದವರಿಗೆ ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಯ ಅವಕಾಶವಿದೆ, ನಮಗೆ ಅದರ ಅಗತ್ಯ ಬೀಳಲಿಲ್ಲ. ಅಮ್ಮ ಈಗ ಕುಟುಂಬ ಪಿಂಚಣಿಯ ದಾಖಲೆಗಳಲ್ಲಿ ತಮ್ಮನ ಹೆಸರು ಸೇರಿಸಲು ಅರ್ಜಿ ಕೊಟ್ಟಿದ್ದಾಳೆ. ಅಲ್ಲಿಯೂ ಮತ್ತೊಂದು ತಪಾಸಣೆ ಇರಬಹುದು ಎಂದಿದ್ದಾರೆ. ನೋಟ್‌ಬುಕ್ಕನ್ನು ಮುಂದುವರಿಸಿದ್ದೇವೆ, ಈಗ ತಾರೀಖು ಹಾಕಿ ಬರೆಯುತ್ತೇವೆ. ಕಳೆದ ತಿಂಗಳ ಪುಟದಲ್ಲಿ ತಮ್ಮನ ಕೈಬರಹದ ಎರಡು ಸಾಲುಗಳಿವೆ. ಅವುಗಳಲ್ಲಿ ಒಂದು ಅಮ್ಮನ ಬಗ್ಗೆ ಇರುವ ದೂರು, ಬೆಳಿಗ್ಗೆ ತುಂಬ ಸಲ ಕರೆಯುತ್ತಾಳೆ ಎಂದು.