ದಲೈ ಲಾಮಾ ಯಾಕೆ ದೇಶ ಬಿಟ್ಟು ಬಂದರು?

ನಾನು ಕುಶಾಲನಗರದವನು. ಮನೆಗೆ ನೆಂಟರು ಬಂದರೆ ಬೈಲಕುಪ್ಪೆ ತೋರಿಸುವ ಕೆಲಸ ನನ್ನದೇ. ಗೋಲ್ಡನ್ ಟೆಂಪಲ್ ನೋಡಿಕೊಂಡು ಟಿಬೆಟನ್ನರ ಕ್ಯಾಂಪಿನ ಹೋಟೆಲಿನಲ್ಲಿ ಮೊಮೊ ತಿನ್ನಲು ಕೂರುತ್ತೇವೆ. ಗೋಡೆ ಮೇಲೆ ಟಿಬೆಟ್‌ನ ಧರ್ಮಗುರು ದಲೈ ಲಾಮಾ ಫೋಟೊ ಇರುತ್ತದೆ. ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಜನರನ್ನೆಲ್ಲ ಅಲ್ಲೇ ಬಿಟ್ಟು ಇವರು ಯಾಕೆ ಓಡಿ ಬಂದ್ರು?"

1959ಕ್ಕೂ ಮುಂಚೆ ಅವರು ಒಂದು ಸಲ ಗಡಿಯವರೆಗೆ, ಇನ್ನೊಂದು ಸಲ ಭಾರತದೊಳಕ್ಕೇ ಬಂದು, ಎರಡು ಸಲವೂ ವಾಪಸ್ ಹೋಗಿದ್ದರು. ನಮಗೆ ಗೊತ್ತಿರುವುದು ಮೂರನೆಯ ಸಲದ ಕತೆ ಮಾತ್ರ.

1950ರ ಅಕ್ಟೋಬರ್‌ನಲ್ಲಿ ಚೀನಾದ ಸೈನ್ಯ ಪೂರ್ವ ಟಿಬೆಟ್‌ನ ಚಾಮ್ಡೊಗೆ ನುಗ್ಗಿತು. ಇಡೀ ಟಿಬೆಟ್‌ನ ಸೈನ್ಯವೇ ಸುಮಾರು 8,500 ಜನ. ಜನ ಒತ್ತಾಯ ಮಾಡಿದ್ದಕ್ಕೆ ನವೆಂಬರ್ 17ರಂದು ದಲೈ ಲಾಮಾಗೆ ದೇಶದ ಅಧಿಕಾರ ಕೊಟ್ಟರು. ವಯಸ್ಸು 15. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ ಓದುವ ಹುಡುಗ! ವಿಶ್ವಸಂಸ್ಥೆಗೆ ಮೊರೆ ಇಟ್ಟರು, ಅಲ್ಲಿ ಚರ್ಚೆಯನ್ನೇ ಮುಂದೂಡಿದರು. ಸಿಕ್ಕಿಂ ಗಡಿ ಹತ್ತಿರದ ಡ್ರೋಮೊಗೆ ಬಂದು ಉಳಿದಿದ್ದಾಗ ಒಂದು ಸಂಜೆ ರೇಡಿಯೊ ಹಾಕಿದರು. ತಮ್ಮ ಪ್ರತಿನಿಧಿಗಳು ಬೀಜಿಂಗ್‌ನಲ್ಲಿ, ಟಿಬೆಟ್ ಚೀನಾದ ಭಾಗ ಎನ್ನುವ 17 ಅಂಶಗಳ ಒಪ್ಪಂದಕ್ಕೆ ಸಹಿ ಹಾಕಿದ್ದು ಅವರಿಗೆ ಗೊತ್ತಾಗಿದ್ದು ಆ ರೇಡಿಯೊದಿಂದ. ದೇಶದ ಮುದ್ರೆ ಇದ್ದಿದ್ದು ಇವರ ಹತ್ತಿರ. ಅಲ್ಲಿ ಒತ್ತಿದ್ದು ಚೀನಾದವರೇ ಮಾಡಿಸಿದ ಮುದ್ರೆ. ಆಗಲೇ ಗಡಿ ದಾಟಬಹುದಿತ್ತು ಅಲ್ವಾ? ದಾಟಲಿಲ್ಲ. ರಾಜಧಾನಿ ಲಾಸಾಗೆ ಹಿಂದಿರುಗಿದರು.

1954ರಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದ ನಾಯಕ ಮಾವೊ ಜೊತೆಗೂ ಮಾತಾಡಿ ನೋಡಿದರು. ಕೊನೆಯ ಭೇಟಿಯಲ್ಲಿ ಮಾವೊ ಹತ್ತಿರಕ್ಕೆ ಸರಿದು, ಧರ್ಮ ಅಂದರೆ ವಿಷ ಎಂದರಂತೆ. 1956ರಲ್ಲಿ ಬುದ್ಧ ಜಯಂತಿಗೆಂದು ಭಾರತಕ್ಕೆ ಬಂದಾಗ ಇಲ್ಲೇ ಉಳಿಯುವ ಮನಸ್ಸಿತ್ತು. ವಾಪಸ್ ಹೋಗಿ ಎಂದವರು ನೆಹರು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ. ಆದರೂ ಹೋದರು. ಮಾತುಕತೆಯಿಂದ ಒಂದಿಷ್ಟಾದರೂ ಜೀವ ಉಳಿದೀತು ಅನ್ನುವ ಆಸೆ ಅವರಿಗೆ.

1959ರ ಮಾರ್ಚ್‌ನಲ್ಲಿ ಚೀನಾದ ಸೇನಾ ಶಿಬಿರದಿಂದ ಕರೆ ಬಂತು. ನೃತ್ಯ ಕಾರ್ಯಕ್ರಮ ಇದೆ, ಅಂಗರಕ್ಷಕರಿಲ್ಲದೆ ಬರಬೇಕು ಅಂತ. ಸುದ್ದಿ ಹಬ್ಬಿತು. 10ನೇ ತಾರೀಕು ಸಾವಿರಾರು ಜನ ನಾರ್ಬುಲಿಂಗ್ಕಾ ಅರಮನೆ ಸುತ್ತ ನಿಂತುಬಿಟ್ಟರು, ನಮ್ಮವರನ್ನು ಕಳಿಸುವುದಿಲ್ಲ ಎಂದು. 17ರಂದು ಅರಮನೆ ಹತ್ತಿರ ಎರಡು ಶೆಲ್ ಬಿದ್ದವು. ಅವರು ಅಲ್ಲೇ ಇದ್ದಷ್ಟೂ ಆ ಜನ ಕದಲುತ್ತಿರಲಿಲ್ಲ. ನೀವೇ ಹೇಳಿ, ಅವರಿದ್ದ ಜಾಗದಲ್ಲಿ ಏನು ಮಾಡಬೇಕಿತ್ತು?

ಅವತ್ತು ರಾತ್ರಿ ಸಿಪಾಯಿಯ ವೇಷ ಹಾಕಿದರು. ಪ್ಯಾಂಟು, ಕರಿ ಕೋಟು, ಹೆಗಲ ಮೇಲೊಂದು ಬಂದೂಕು. ಗುರುತು ಸಿಗಬಾರದೆಂದು ಕನ್ನಡಕ ತೆಗೆದು ಇಟ್ಟುಕೊಂಡರು. ತಮ್ಮನ್ನು ಕಾಯಲು ಬಂದ ಜನರ ನಡುವೆಯೇ, ಎದುರಿನ ಮುಖಗಳು ಸರಿಯಾಗಿ ಕಾಣದೆ ನಡೆದು ಹೋದರು. ಆಗ ಅವರಿಗೆ 23 ವರ್ಷ. ಮೂರು ದಿನದಲ್ಲಿ ನಾರ್ಬುಲಿಂಗ್ಕಾ ಮೇಲೆ ಫಿರಂಗಿ ದಾಳಿ ಆಯಿತು. ಆ ಸುದ್ದಿ ಅವರಿಗೆ ಸಿಕ್ಕಿದ್ದು ದಾರಿಯಲ್ಲಿ.

ಮಾರ್ಚ್ 31ಕ್ಕೆ ತವಾಂಗ್ ಕಡೆಯ ಗಡಿ ತಲುಪಿದರು. ಹೊಟ್ಟೆ ಕೆಟ್ಟು, ಕುದುರೆ ಮೇಲೆ ಕೂರಲೂ ಶಕ್ತಿ ಇರಲಿಲ್ಲ. ಅಲ್ಲಿಯವರೆಗೆ ಕಾವಲು ಬಂದಿದ್ದ ಸಿಪಾಯಿಗಳು ಮತ್ತೆ ಹಿಂದಕ್ಕೆ, ಹೋರಾಡಲು ಹೊರಟಿದ್ದರು. ಅವರೆಲ್ಲರನ್ನೂ ಅಳುತ್ತಲೇ ಕಳಿಸಿಕೊಟ್ಟ ಮೇಲೆ, ಜೊತೆಗಿದ್ದವರು ಇವರನ್ನು ಎತ್ತಿ ಜೋ ಎನ್ನುವ ಯಾಕ್-ಹಸು ಬೆರಕೆಯ ಪ್ರಾಣಿಯ ಬೆನ್ನ ಮೇಲೆ ಕೂರಿಸಿದರು.